ಅರ್ಧ ಬಶಿ ಚಾ

ಚಮಚದ ಬೆನ್ನಿನ ಕೆಳಗೆ ಮಾತ್ರೆ ಚಟ್ಟೆಂದು ಮುರಿಯಿತು. ಸಾಬಕ್ಕಿಯ ಕಾಳಿನಷ್ಟೂ ಇಲ್ಲದ ಮಾತ್ರೆ ಅಷ್ಟು ದೊಡ್ಡ ಸದ್ದು ಮಾಡೀತೆಂದು ವೆಂಕಟ್ರಮಣ ಎಣಿಸಿರಲಿಲ್ಲ. ಕೈ ಅಲ್ಲೇ ನಿಲ್ಲಿಸಿ ಹೊರಗೆ ಕಿವಿಗೊಟ್ಟ. ಜಗಲಿಯಲ್ಲಿ ಎಲೆಯಡಿಕೆಯ ಸಂಚಿ ತಡಕುತ್ತಿದ್ದ ಅವನ ತಾಯಿ ಮಾದಿಯ ಕೈಯೂ ನಿಂತಿತು.

"ಎಂತದು ತಮಾ ಸಪ್ಪಳ?"

"ಎಂತ ಇಲ್ಲ ಆಯಿ. ಚಾಕ್ಕೆ ಶುಂಠಿ ಜಜ್ತಾ ಇದ್ದೆ."

ಹೇಳಿದ ಮೇಲೆ ಜಜ್ಜಲೇಬೇಕಾಯಿತು. ಬುಟ್ಟಿಯ ತಳದಲ್ಲಿ ಸುರುಟಿಕೊಂಡಿದ್ದ ಶುಂಠಿಯ ತುಂಡೊಂದನ್ನು ಹುಡುಕಿ, ಬೇಕೆಂದೇ ಧಡಧಡ ಜಜ್ಜಿ, ಕುದಿಯುವ ಚಹಾಕ್ಕೆ ಹಾಕಿದ. ಐವತ್ತು ದಾಟಿದ ಗಂಡಸು, ಶರಾವತಿಯ ಅಳಿವೆಯ ಬಾಯಲ್ಲಿ ಬೋಟನ್ನು ಬರಿಗಣ್ಣಿನ ಅಂದಾಜಿನಲ್ಲೇ ದಾಟಿಸುವ ತಾಂಡೇಲ, ತನ್ನದೇ ಅಡುಗೆಮನೆಯಲ್ಲಿ ಕಳ್ಳಬೆಕ್ಕಿನ ಹಾಗೆ ಓಡಾಡುತ್ತಿದ್ದ. ಮಾತ್ರೆಯ ಪುಡಿಯನ್ನು ಹೆಂಡತಿಯ ಲೋಟದ ತಳಕ್ಕೆ ಉದುರಿಸಿ, ಮೇಲಿನಿಂದ ಚಹಾ ಸೋಸಿ, ಚಮಚ ಹಾಕಿ ಕದಡಿದ. ಬಿಳಿ ಪುಡಿ ಒಂದು ಸುತ್ತು ತಿರುಗಿ ಕಾಣದಾಯಿತು.

ಗಂಗಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಾರ್ಚ್ ತಿಂಗಳ ಸೆಕೆಗೆ ಹೊನ್ನಾವರದ ಪಕ್ಕದ ಕಾಸರಕೋಡಿನ ಗಂಡಸರೆಲ್ಲ ಅಂಗಿ ಬಿಚ್ಚಿ ಬೀಸಣಿಗೆ ಹಿಡಿದಿರುವಾಗ ಅವಳು ಕಂಬಳಿ ಹೊದ್ದಿದ್ದಳು. ಮುಖ ಊದಿತ್ತು. ಹುಬ್ಬಿನ ಕೂದಲು ತುದಿಯಲ್ಲಿ ಉದುರಿ, ಯಾರೋ ಅರ್ಧ ಬರೆದು ಬಿಟ್ಟ ಹಾಗಿತ್ತು. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬಿಸಿ ತೆಗೆದುಕೊಂಡಳು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ಅರ್ಧ ಚಹಾವನ್ನು ಬಶಿಗೆ ಬಗ್ಗಿಸಿ ಅವನ ಕಡೆಗೆ ತಳ್ಳಿದಳು.

ಮದುವೆಯಾದಾಗಿನಿಂದ ಆ ಮನೆಯ ರೂಢಿ ಅದು. ಮೊದಲು ಮನೆಯಲ್ಲಿ ಇದ್ದದ್ದೇ ಒಂದು ಲೋಟ, ಒಂದು ಬಶಿ. ಬೋಟು ದಡಕ್ಕೆ ಬಂದ ಬೆಳಗು ಗಂಡನಿಗೆ ಬಶಿ, ಹೆಂಡತಿಗೆ ಲೋಟ. ಆಮೇಲೆ ಸ್ಟೀಲಿನ ಲೋಟಗಳು ಡಜನ್ನುಗಟ್ಟಲೆ ಬಂದವು, ಮಗಳು ಅಂಕಿತಾ ಹುಟ್ಟಿ, ಬೆಳೆದು, ಭಟ್ಕಳಕ್ಕೆ ಮದುವೆಯಾಗಿ ಹೋದಳು. ಬಶಿ ಮಾತ್ರ ಹಾಗೇ ಉಳಿಯಿತು.

"ಬೇಡ, ಎಲ್ಲಾ ನೀನೇ ಕುಡಿ," ಎಂದ ವೆಂಕಟ್ರಮಣ.

"ಎಂತಕ್ಕೆ?" ದನಿ ಒಡೆದು ಗೊಗ್ಗರಾಗಿತ್ತು.

"ನಂಗೆ ಇವತ್ತು ಪಿತ್ತ."

ಬಶಿಯ ಚಹಾವನ್ನು ಅವಳು ಮರಳಿ ಲೋಟಕ್ಕೆ ಹೊಯ್ಯುವಾಗ ಒಂದಿಷ್ಟು ಕಂಬಳಿಯ ಮೇಲೆ ಚೆಲ್ಲಿತು. ಲೋಟ ಖಾಲಿಯಾಗುವವರೆಗೆ ಅವನು ಅಲ್ಲೇ ಕೂತಿದ್ದ.

ಎರಡು ವರ್ಷದ ಹಿಂದೆ ಗಂಗಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತ್ತು. ಒಳ್ಳೆಯ ಗಂಟಲ್ಲ ಎಂದು ತಿಳಿದು ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದ್ದರು. ಆ ಗ್ರಂಥಿ ಮಾಡುತ್ತಿದ್ದ ಕೆಲಸವನ್ನು ಅಂದಿನಿಂದ ಒಂದು ಸಣ್ಣ ಮಾತ್ರೆ ಮಾಡುತ್ತಿತ್ತು. ದಿನಾ ನಸುಕಿನಲ್ಲಿ, ಬರಿಹೊಟ್ಟೆಗೆ, ನೀರಿನ ಜೊತೆ. ಅದೊಂದನ್ನು ನುಂಗಿದರೆ ಗಂಗಿ ಗಂಗಿಯೇ. ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಸೇತುವೆಯಾಚೆ ಹೊನ್ನಾವರದ ಓಣಿಗಳಿಗೆ ಹೋಗಿ, "ಬಂಗಡೇ... ತಾರ್ಲೇ..." ಎಂದು ಕೂಗಿದಳೆಂದರೆ ಮೂರನೇ ಮನೆಯ ಬೆಕ್ಕೂ ಎದ್ದು ಬರುತ್ತಿತ್ತು. ಕುತ್ತಿಗೆಗೆ ಕತ್ತರಿ ಬಿದ್ದರೂ ದನಿ ಉಳಿಯಿತಲ್ಲ ಎಂಬುದೇ ಮನೆಯವರಿಗೆ ದೊಡ್ಡ ಸಮಾಧಾನವಾಗಿತ್ತು.

ಈಗ ರೋಗ ಎಲ್ಲಾದರೂ ಉಳಿದಿದೆಯೋ ಎಂದು ನೋಡುವ ಸಮಯ ಬಂದಿತ್ತು. ತಿಂಗಳಿಗೊಮ್ಮೆ ಮಂಗಳೂರಿನಿಂದ ಕುಮಟೆಗೆ ಬರುವ ಡಾಕ್ಟರ್ ಸ್ಮೃತಿ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು.

"ನಾಲ್ಕು ವಾರ ಮಾತ್ರೆ ಪೂರ್ತಿ ನಿಲ್ಲಿಸಬೇಕು. ಆಮೇಲೆ ಇಲ್ಲಿ ರಕ್ತ ನೋಡ್ತೇವೆ. ರಕ್ತದಲ್ಲಿ ಟಿಎಸ್‌ಎಚ್ ಅಂತ ಒಂದು ಅಂಶ ಇದೆ, ಅದು ಚೆನ್ನಾಗಿ ಮೇಲೆ ಏರಿರಬೇಕು. ಏರಿದ್ರೆ ಮಾತ್ರ ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಬಹುದು. ಒಳಗೆ ರೋಗದ ಚೂರು ಉಳಿದಿದ್ರೆ ಆಗ ಕಾಣ್ತದೆ. ಮಾತ್ರೆ ತಗೊಳ್ತಾ ಇದ್ರೆ ಅದು ಅಡಗಿ ಕೂತಿರ್ತದೆ."

"ಇಳಿತ ಆದ್ರೆ ಅಲ್ದಾ ಮರಳ ದಿಬ್ಬ ಕಾಣೂದು," ಎಂದಿದ್ದ ವೆಂಕಟ್ರಮಣ. ಅಳಿವೆಯ ದಿಬ್ಬಕ್ಕೆ ತಾಗಿ ಮಗುಚಿದ ಬೋಟುಗಳನ್ನು ಕಂಡವನು ಅವನು.

"ಅದೇ. ಆದ್ರೆ ಇಳಿತದ ದಿನಗಳು ಕಷ್ಟ ಇರ್ತಾವೆ. ಚಳಿ, ಸುಸ್ತು, ಮರೆವು, ಬೇಜಾರು. ಸಹಿಸಬೇಕು. ಕೊನೆಯ ಎರಡು ವಾರ ಸಮುದ್ರದ ಮೀನು ಬೇಡ, ಅಯೋಡಿನ್ ಉಪ್ಪೂ ಬೇಡ."

"ಮೀನ್ ಬೇಡ್ವಾ?" ಗಂಗಿ ನಕ್ಕಿದ್ದಳು. "ಕಾಸರಕೋಡ್ನಲ್ಲಿದ್ಕಂಡು ಮೀನ್ ತಿನ್ಬೇಡಿ ಅಂದ್ರೆ, ಗಾಳಿನೂ ತಕಳೂ ಹಾಗಿಲ್ಲ ನಾವು."

ಮನೆಗೆ ಬಂದವಳೇ ಮಾತ್ರೆಯ ಡಬ್ಬಿಯನ್ನು ಗಂಡನ ಕೈಯಲ್ಲಿಟ್ಟಳು. "ಇದ ನೀವೇ ಇಟ್ಕಳಿ. ನಾ ಅತ್ರೂ ಕೊಡ್ಬೇಡಿ, ಕಾಲ್ ಹಿಡ್ದ್ರೂ ಕೊಡ್ಬೇಡಿ. ನೀವು ಕಲ್ಲುಮನ್ಸಿನವ್ರು, ನಿಮ್ಮ ಹತ್ರ ಇದ್ರೇ ಸಮ."

ಕಲ್ಲುಮನಸ್ಸಿನವನು ಡಬ್ಬಿಯನ್ನು ಬಲೆ ಹೊಲಿಯುವ ಸೂಜಿ ನೂಲಿನ ಡಬ್ಬದೊಳಗೆ ಹುಗಿದಿಟ್ಟ. ಬೋಟನ್ನು ತಮ್ಮ ಭಾಸ್ಕರನಿಗೆ ಒಪ್ಪಿಸಿ, ಹೆಂಡತಿಯ ಹತ್ತಿರವಿರಲೆಂದು ಬಂದರಿನಲ್ಲಿ ಬಲೆ ಹೊಲಿಯುವ ಕೆಲಸಕ್ಕೆ ಕೂತ.

ಮೊದಲ ಕೆಲವು ದಿನ ಏನೂ ಆಗಲಿಲ್ಲ. "ಡಾಕ್ಟ್ರು ಸುಮ್ನೇ ಹೆದರ್ಸಿದ್ರು" ಎಂದು ಗಂಗಿ ಹಗುರಾಗಿ ಓಡಾಡಿಕೊಂಡಿದ್ದಳು. ಆಮೇಲೆ ನೀರು ಇಳಿಯತೊಡಗಿತು. ಚಿಲ್ಲರೆ ಕೊಡುವುದು ತಪ್ಪಿತು. ಮೆಟ್ಟಿಲು ಹತ್ತುವಾಗ ನಡುವೆ ಕೂರಬೇಕಾಯಿತು. ದನಿ ಗೊಗ್ಗರಾಯಿತು. ಒಂದು ದಿನ ಹೊನ್ನಾವರದ ಓಣಿಯಲ್ಲಿ ಕೂಗಲೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳಂತೆ. ಬುಟ್ಟಿಯಲ್ಲಿ ಯಾವ ಮೀನಿದೆ ಎಂಬುದೇ ಅವಳಿಗೆ ನೆನಪಾಗಲಿಲ್ಲ. ಜೊತೆಯವಳಾದ ಈರಮ್ಮ ರಿಕ್ಷಾ ಮಾಡಿಸಿ ಮನೆಗೆ ತಂದು ಬಿಟ್ಟಳು. ಅಂದಿನಿಂದ ಗಂಗಿ ಕಂಬಳಿ ಹೊದ್ದು ಒಳಗೇ ಕೂತಳು.

ಇದನ್ನು ತಡೆದುಕೊಳ್ಳಲಾಗದೆ ಮೊದಲು ಸೋತವಳು ಮಾದಿ. ಆ ಅತ್ತೆ ಸೊಸೆಯ ಜಗಳ ಕೇರಿಗೆಲ್ಲ ಹೆಸರುವಾಸಿ. ಅತ್ತೆ ಒಂದು ಅಂದರೆ ಸೊಸೆ ಹತ್ತು ಹಿಂತಿರುಗಿಸುತ್ತಿದ್ದಳು, ಅತ್ತೆ ಅದಕ್ಕೆ ಬಡ್ಡಿ ಸೇರಿಸುತ್ತಿದ್ದಳು. ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಎಲೆ ಹಾಕುವುದೂ ತಪ್ಪುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾದಿ ಬಿಸಿಲಲ್ಲಿ ಬರಿಗಾಲಲ್ಲಿ ಬಲೆಯ ಚಪ್ಪರಕ್ಕೆ ಬಂದು ಮಗನ ಎದುರು ಕೂತು ಗೊಳೋ ಎಂದು ಅತ್ತಳು.

"ತಮಾ, ಅವಳು ನಂಗೆ ತಿರ್ಗಿ ಬೈಯೂದೇ ಇಲ್ಲ. ಬೇಕಂತೇ ಸಾರ್ನಲ್ಲಿ ಉಪ್ಪಿಲ್ಲ ಅಂದೆ. 'ಹೌದತ್ತೆ' ಅಂದ್ಲು. ಇಷ್ಟ್ ವರ್ಷದಲ್ಲಿ ಒಂದ್ ದಿನ ನಂಗೆ ಹೌದತ್ತೆ ಅಂದವಳಲ್ಲ ಅದು. ಆ ಹೆಣ್ಣು ಉಳೂದಿಲ್ಲ ತಮಾ."

"ಪರೀಕ್ಷೆ ಆದ್ ಕೂಡ್ಲೆ ಮಾತ್ರೆ ಶುರು ಮಾಡ್ತ್ರು ಆಯಿ. ಹುಷಾರಾಗ್ತಾಳೆ."

"ನಿನ್ನ ಪರೀಕ್ಷೆಗೆ ಬೆಂಕಿ ಬೀಳ್ಲಿ."

ಆ ಸಂಜೆ ಅವನು ಗಂಗಿಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದ. ಎಷ್ಟು ತಿಕ್ಕಿದರೂ ಬಿಸಿಯಾಗುತ್ತಿರಲಿಲ್ಲ. ಅವಳು ಅವನ ಕೈಯನ್ನೇ ನೋಡುತ್ತಾ ಕೇಳಿದಳು.

"ಹೋಯ್, ಸತ್ತವ್ರಿಗೂ ಇಷ್ಟೇ ಚಳಿ ಆಗ್ತದನಾ?"

ಮರುದಿನ ನಸುಕಿನಲ್ಲಿ ಅವನು ಸೂಜಿ ನೂಲಿನ ಡಬ್ಬ ತೆರೆದ. ಒಂದೇ ಒಂದು, ಸಮುದ್ರಕ್ಕೆ ಒಂದು ಚೊಂಬು ನೀರು ಹೊಯ್ದರೆ ಭರತ ಬಂದು ನೀರೇರೀತೇ ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಅದರ ಮರುದಿನ ಅಂದುಕೊಳ್ಳುವ ಗೋಜಿಗೂ ಹೋಗಲಿಲ್ಲ, ಒಂದರ ಬದಲು ಒಂದೂವರೆ ಹಾಕಿದ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ತಿಳಿಯದೆ ಮಾಡಿದ ತಪ್ಪಲ್ಲ ಅದು. ಇಳಿತವಾಗದೆ ದಿಬ್ಬ ಕಾಣದು ಎಂದು ತಾನೇ ಬಾಯಿಬಿಟ್ಟು ಹೇಳಿದವನು. ಆದರೆ ದಿಬ್ಬ ಕಾಣದೇ ಹೋದರೆ ಒಳ್ಳೆಯದಲ್ಲವೇ ಎಂಬ ಆಸೆಯೂ ಅವನ ಎದೆಯ ಮೂಲೆಯಲ್ಲಿ ಎಲ್ಲೋ ಇತ್ತು. ಅದನ್ನು ಮಾತ್ರ ಅವನು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಒಂದು ವಾರ ಕಳೆದಿರಬೇಕು. ಚಪ್ಪರದಲ್ಲಿ ಬಲೆ ಹೊಲಿಯುತ್ತಿದ್ದವನ ಕಿವಿಗೆ ಮನೆಯ ಕಡೆಯಿಂದ ಗದ್ದಲ ಕೇಳಿಸಿತು. ಏನಾಯಿತೋ ಎಂದು ಬಲೆ ಬಿಸಾಕಿ ಓಡಿದ. ಅಂಗಳದಲ್ಲಿ ಗಂಗಿ ನಿಂತಿದ್ದಳು. ಕಂಬಳಿಯಿಲ್ಲ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ಕಣ್ಣೆಲ್ಲಿತ್ತು ಅತ್ತೆ ನಿಮ್ಗೆ? ಒಣಗೂಕೆ ಹಾಕಿದ್ ಮೀನೆಲ್ಲ ಕಾಗೆ ಪಾಲಾತು, ನೀವು ಎಲೆ ಜಗೀತಾ ಕೂತೀರಿ!"

"ಓಹೋ, ಮಹಾರಾಣಿ ಮಲ್ಗೂದು, ನಾ ಕಾಗೆ ಓಡ್ಸೂದು! ನಿನ್ನ ಅಪ್ಪ ಇಟ್ಟ ಆಳಾ ನಾನು?" ಮಾದಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಸುಕ್ಕುಬಿದ್ದ ಮುಖವೆಲ್ಲ ಹಿಗ್ಗಾಗಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ವೆಂಕಟ್ರಮಣ ಬಾವಿಕಟ್ಟೆಯ ಹಿಂದೆ ಹೋಗಿ ಕೂತು ಅತ್ತ.

ಅಳುವುದು ಮುಗಿಸಿ ಬಂದವನಿಗೆ ಮುಂದಿನದು ಕಾದಿತ್ತು. ಗಂಗಿ ಫೋನಿನಲ್ಲಿ ಮಗಳೊಡನೆ ಮಾತಾಡುತ್ತಿದ್ದಳು.

"ಮಾತ್ರೆ ಇಲ್ದೇ ಹುಷಾರಾದೆ ಮಗಾ! ದೇವರಾಣೆ, ಒಂದೂ ತಕಳ್ಲಿಲ್ಲ. ಇಡಗುಂಜಿ ಗಣಪಂಗೆ ಹೇಳ್ಕಂಡಿದ್ದೆ ನಾನು. ನಿನ್ನ ಅಪ್ಪ ಶುಂಠಿ ಚಾ ಮಾಡಿ ಕೊಡ್ತ್ರು, ಅದೂ ಒಂದ್ ಸೇರ್ಕಂಡಿತೇನ. ಅಳ್ಬೇಡ ಮಾರಾಯ್ತಿ, ದನಿ ಕೇಳೂದಿಲ್ವಾ ನಿಂಗೆ? ನಂದೇ ದನಿ!"

ವೆಂಕಟ್ರಮಣ ಬಾಗಿಲಲ್ಲೇ ನಿಂತ. ಹೀಗೂ ಆಗಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಚಳಿ ಕಡಿಮೆಯಾದರೆ ಸಾಕು, ಎರಡು ಮಾತು ಬೈದರೆ ಸಾಕು ಎಂದಷ್ಟೇ ಅವನು ಎಣಿಸಿದ್ದು. ಅವಳೋ, ರೋಗವೇ ಬಿಟ್ಟುಹೋಯಿತು ಎಂದು ನಂಬಿಬಿಟ್ಟಿದ್ದಳು.

ಸುದ್ದಿ ಬಂದರಿಗೆಲ್ಲ ಹಬ್ಬಿತು. ಗಂಗಿ ಮತ್ತೆ ಬುಟ್ಟಿ ಹೊತ್ತಳು. ಮೀನಿನ ರಾಶಿಯ ಮುಂದೆ ಕೂತ ಹೆಂಗಸರಿಗೆಲ್ಲ ತನ್ನ ಕುತ್ತಿಗೆಯ ಗಾಯದ ಗೆರೆಯನ್ನು ಎತ್ತಿ ತೋರಿಸುತ್ತಿದ್ದಳು. "ನುಗ್ಗೆ ಗಿಡ ಬುಡಕ್ಕೆ ಕಡ್ದ್ರೂ ಚಿಗುರೂದಿಲ್ವನೇ ಈರಮ್ಮ? ಹಾಗೇ ಇದು. ಒಳ್ಗೆ ಚಿಗುರದೆ ಇದ್ರೆ ನಾ ಹಿಂಗೆ ಬುಟ್ಟಿ ಹೊರ್ತಿದ್ನಾ?" ಈರಮ್ಮ ಹೌದು ಹೌದೆಂದು ಅವಳ ಬೆನ್ನು ಸವರಿದಳು. ಗಂಗಿ ಬುಟ್ಟಿ ತುಂಬ ಶೆಟ್ಲಿ, ಬಂಗಡೆ ಮಾರಿ ಬಂದು, ತಾನು ಮಾತ್ರ ಡಾಕ್ಟರು ಹೇಳಿದ ಹಾಗೆ ಸಪ್ಪೆ ಸಾರಿನಲ್ಲಿ ಉಣ್ಣುತ್ತಿದ್ದಳು. ವೆಂಕಟ್ರಮಣ, ಮಾದಿ ಇಬ್ಬರೂ ಅದನ್ನೇ ಉಂಡರು. ಅವಳೆದುರು ಮೀನು ಯಾರ ಗಂಟಲಲ್ಲೂ ಇಳಿಯುತ್ತಿರಲಿಲ್ಲ.

ಪ್ರತಿ ಬೆಳಗೂ ಅವನು ಇಂದು ನಿಲ್ಲಿಸುತ್ತೇನೆ ಎಂದು ಏಳುತ್ತಿದ್ದ. ನಿಲ್ಲಿಸಿದರೆ ಅವಳು ಮತ್ತೆ ಕುಸಿಯುತ್ತಾಳೆ. ಕುಸಿದರೆ ದೇವರು ಕೈಬಿಟ್ಟ ಎಂದು ಒಡೆದುಹೋಗುತ್ತಾಳೆ. ಹೇಳಿಬಿಟ್ಟರೆ ಈಗಲೇ ಒಡೆಯುತ್ತಾಳೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶುಂಠಿ ಜಜ್ಜುವ ಸದ್ದು ಮಾತ್ರ ತಪ್ಪದೆ ಕೇಳುತ್ತಿತ್ತು. ಬಶಿ ಅವನ ಕಡೆಗೆ ಬರುತ್ತಿತ್ತು, ಅವನು ಅದನ್ನು ಮರಳಿ ತಳ್ಳುತ್ತಿದ್ದ. "ನನ್ ಮೇಲೆ ಎಷ್ಟ್ ಜೀವ ನಿಮ್ಗೆ, ಒಂದ್ ಗುಟುಕು ಚಾ ಸಮೇತ ನಂಗೇ ಬಿಡ್ತ್ರಿ" ಎಂದು ಗಂಗಿ ನಗುತ್ತಿದ್ದಳು.

ಪರೀಕ್ಷೆಗೆ ಮೊದಲಿನ ಮಂಗಳವಾರ ಅವಳು ಅವನನ್ನು ಇಡಗುಂಜಿಗೆ ಎಳೆದುಕೊಂಡು ಹೋದಳು. ರಿಪೋರ್ಟ್ ಬಂದ ಮೇಲೆ ಹೋದರಾಯಿತು ಎಂದ ಅವನ ಮಾತು ನಡೆಯಲಿಲ್ಲ. "ಗುಣ ಆದ್ಮೇಲೆ ಹರಕೆ ತೀರ್ಸೂಕೆ ರಿಪೋರ್ಟ್ ಎಂತಕ್ಕೆ? ಗಣಪ ಎಂತ ಡಾಕ್ಟ್ರ ಚೀಟಿ ಕೇಳ್ತ್ನಾ?" ಪಂಚಕಜ್ಜಾಯ ಮಾಡಿಸಿ, ಬಹಳ ಹೊತ್ತು ಕಣ್ಣುಮುಚ್ಚಿ ನಿಂತಳು. ಹೊರಗೆ ಬಂದು ಮೊದಲ ಹಿಡಿಯನ್ನು ಗಂಡನ ಅಂಗೈಯಲ್ಲಿಟ್ಟಳು. ಬೆಲ್ಲ, ಕಾಯಿ, ಎಳ್ಳಿನ ಪರಿಮಳ. ಅವನು ಬಾಯಿಗೆ ಹಾಕಿಕೊಂಡ. ಅದು ಬಾಯೊಳಗೇ ತಿರುಗಿತು.

"ಗಂಗಿ."

"ಎಂತ?"

ಅವಳ ಹಣೆಯಲ್ಲಿ ಗಂಧ, ಮುಖದಲ್ಲಿ ಬೆವರು. ಬೆವರು ಕಂಡು ಎಷ್ಟು ದಿನವಾಗಿತ್ತು.

"ಎಂತ ಇಲ್ಲ. ಬಸ್ ಬಂತು, ಬಾ."

ಪರೀಕ್ಷೆಯ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರಿಂದ ಚಹಾ ಇರಲಿಲ್ಲ. ಗಂಗಿ ಮಗಳ ಮದುವೆಯಲ್ಲಿ ಉಟ್ಟ ಹಸಿರು ಸೀರೆ ಉಟ್ಟು, ಭಟ್ಕಳ ಮಲ್ಲಿಗೆಯ ದಂಡೆ ಮುಡಿದು ಹೊರಟಳು. ಕುಮಟೆಯಲ್ಲಿ ರಕ್ತ ಕೊಟ್ಟು, ಇಡ್ಲಿ ತಿಂದು, ರಿಪೋರ್ಟಿಗೆ ಕಾಯುತ್ತಾ ಕೂತರು. ಬೆಂಚಿನಲ್ಲಿ ಪಕ್ಕದವರಿಗೆಲ್ಲ ಅವಳು ತನ್ನ ಕತೆ ಹೇಳಿದಳು. ವೆಂಕಟ್ರಮಣ ತನ್ನ ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ.

ಡಾಕ್ಟರ್ ಸ್ಮೃತಿ ಕಾಗದವನ್ನು ಎರಡು ಸಲ ಓದಿದರು. "ಮಾತ್ರೆ ನಿಲ್ಲಿಸಿ ನಾಲ್ಕು ವಾರ ಆಯ್ತಲ್ಲ?"

"ಒಂದ್ ದಿನ ತಪ್ಪಿಲ್ಲ ಡಾಕ್ಟ್ರೇ. ಬೇಕಾದ್ರೆ ಇವ್ರನ್ನ ಕೇಳಿ, ಡಬ್ಬಿ ಇವ್ರ ಹತ್ರೇ ಅದೆ."

"ಹಾಗಾದ್ರೆ ಟಿಎಸ್‌ಎಚ್ ಬಹಳ ಏರಿರಬೇಕಿತ್ತು. ಏರಿಲ್ಲ."

"ಏರ್ಲಿಲ್ಲ ಅಂದ್ರೆ ಒಳ್ಳೇದೇ ಆತಲ್ಲ?" ಗಂಗಿ ಮುಂದಕ್ಕೆ ಬಾಗಿದಳು. "ನಂಗೆ ಗುಣ ಆದ್ಮೇಲೆ ಎಂತಕ್ಕೆ ಏರ್ತದೆ? ಒಳ್ಗೆ ಮತ್ತೆ ಚಿಗುರ್ಯದೆ ಅಂತ ನಾ ಎಲ್ಲರಿಗೂ ಹೇಳಿದ್ದೆ."

ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದರು. "ಅದೇ ಹೆದರಿಕೆ ಅಮ್ಮ. ಗ್ರಂಥಿ ಪೂರ್ತಿ ತೆಗೆದಿದ್ದೇವೆ. ಮಾತ್ರೆನೂ ಇಲ್ಲ. ಆದ್ರೂ ರಕ್ತದಲ್ಲಿ ಹಾರ್ಮೋನು ಇದೆ ಅಂದ್ರೆ ಅದು ಎಲ್ಲಿಂದಲೋ ಬರ್ತಾ ಇರಬೇಕು. ರೋಗ ಎಲುಬಿಗೋ ಶ್ವಾಸಕೋಶಕ್ಕೋ ಹೋಗಿ ಅಲ್ಲಿ ಬೆಳೆದಿದ್ರೂ ಹೀಗೆ ಆಗಬಹುದು. ಅಪರೂಪ, ಆದ್ರೆ ಸುಮ್ಮನೆ ಬಿಡುವ ಹಾಗಿಲ್ಲ. ನಾಳೆನೇ ಮಂಗಳೂರಿಗೆ ಬನ್ನಿ, ಇಡೀ ದೇಹ ನೋಡಬೇಕು."

ಗಂಗಿಯ ಕೈ ಕುತ್ತಿಗೆಗೆ ಹೋಯಿತು. ಗಾಯದ ಗೆರೆಯ ಮೇಲೆ ಬೆರಳುಗಳು ಓಡಿ, ಅಲ್ಲಿಂದ ಎದೆಗೆ ಇಳಿದು, ಪಕ್ಕೆಲುಬನ್ನು ಒತ್ತಿ ನೋಡಿಕೊಂಡವು. ನಿನ್ನೆಯವರೆಗೆ ತನ್ನದಾಗಿದ್ದ ಮೈಯೊಳಗೆ ಯಾರು ಹೊಕ್ಕು ಕೂತಿದ್ದಾರೆ ಎಂದು ಹುಡುಕುವವಳ ಹಾಗೆ. ಆ ಬೆರಳುಗಳನ್ನು ನೋಡಲಾರದೆ ಹೋದ ವೆಂಕಟ್ರಮಣ.

"ನಾ ಕೊಟ್ಟೆ," ಎಂದ.

"ಏನು?" ಎಂದರು ಡಾಕ್ಟರು.

"ಮಾತ್ರೆ. ಪುಡಿ ಮಾಡಿ ಚಾಕ್ಕೆ ಹಾಕಿ ಕೊಟ್ಟೆ. ಅವಳಿಗೆ ಗೊತ್ತಿಲ್ಲ. ಚಳಿ ತಡ್ಕಳೂಕೆ ಆಗ್ತಿರ್ಲಿಲ್ಲ ಅವಳಿಗೆ. ನಂಗೆ ನೋಡೂಕೆ ಆಗ್ಲಿಲ್ಲ. ನಿನ್ನೆ ಬೆಳಗಾ ತನಕ ಕೊಟ್ಟೆ ಡಾಕ್ಟ್ರೇ. ರೋಗ ಎಲ್ಲೂ ಹೋಗ್ಲಿಲ್ಲ. ನಾನೇ ಅದು."

ಡಾಕ್ಟರು ದೊಡ್ಡದಾಗಿ ಉಸಿರು ಬಿಟ್ಟರು. ಮೊದಲು ಬಂದದ್ದು ನೆಮ್ಮದಿ, ಅದರ ಹಿಂದೆಯೇ ಸಿಟ್ಟು. "ಏನು ಮಾಡಿದ್ರಿ ನೀವು? ಎಷ್ಟು ತಿಳಿಸಿ ಹೇಳಿದ್ದೆ! ಅಷ್ಟು ದಿನ ಅವರು ಪಟ್ಟ ಕಷ್ಟ ಎಲ್ಲ ನೀರಲ್ಲಿ ಹೋಯ್ತು. ರೋಗ ಇದೆಯೋ ಇಲ್ಲವೋ ಈಗಲೂ ಗೊತ್ತಾಗಲಿಲ್ಲ. ಇವತ್ತಿಂದ ಮತ್ತೆ ನಾಲ್ಕು ವಾರ, ಮೊದಲಿಂದ." ಇನ್ನೂ ಏನೋ ಹೇಳುತ್ತಿದ್ದರು. ಅವನಿಗೆ ಕೇಳಿಸಲಿಲ್ಲ.

ಗಂಗಿ ಡಾಕ್ಟರ ಕಡೆ ನೋಡುತ್ತಿರಲಿಲ್ಲ. ಗಂಡನ ಕೈಗಳನ್ನು ನೋಡುತ್ತಿದ್ದಳು.

"ಶುಂಠಿ," ಎಂದಳು. "ಅದ್ಕೇ ನೀವು ಬಶಿ ಮುಟ್ತಿರ್ಲಿಲ್ಲ."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮಲ್ಲಿಗೆಯ ದಂಡೆ ಬಾಡಿ ಹೆಗಲ ಮೇಲೆ ಜಾರಿತ್ತು. ಹೊನ್ನಾವರದ ಬಸ್‌ಸ್ಟ್ಯಾಂಡ್ ಕಳೆದು ಬಸ್ಸು ಶರಾವತಿಯ ಸೇತುವೆ ಹತ್ತಿದಾಗ ಅವಳೇ ಮಾತಾಡಿದಳು.

"ಹೇಳ್ದೇ ಇದ್ದಿದ್ರೆ ಆಗ್ತಿತ್ತು."

"ಹೇಳ್ದೇ ಹ್ಯಾಂಗಿರೂದು ಗಂಗಿ? ಎಲುಬಿಗೆ ಹೋಗ್ಯದೆ ಅಂತಿದ್ರಲ್ಲ. ನೀ ಹೆದ್ರಿ..."

"ಗೊತ್ತು. ಹೇಳೂದೇ ಸಮ. ಆದ್ರೂ." ಹೊರಗೆ ಇಳಿತದ ನೀರು ಅಳಿವೆಯ ಕಡೆ ಎಳೆಯುತ್ತಿತ್ತು. "ಗಣಪಂಗೆ ಹರಕೆ ತೀರ್ಸಿ ಬಂದಾತು. ಇನ್ನೊಂದ್ ಸಲ ಕೇಳೂಕೆ ಯಾವ್ ಬಾಯಿ ಅದೆ ನಂಗೆ?"

ಅವನು ಅವಳ ಕೈ ಹಿಡಿಯಲು ಹೋದ. ಅವಳು ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಕೈ ತೆಗೆದುಕೊಂಡಳು.

ಕಾಸರಕೋಡಿನ ಟೊಂಕ ಕೇರಿಯ ತಿರುವಿನಲ್ಲಿ ಬಸ್ಸಿಳಿದಾಗ ಮೀನು ಒಣಗಿಸುತ್ತಿದ್ದ ಹೆಂಗಸರೆಲ್ಲ ಎದ್ದು ಬಂದರು. ಈರಮ್ಮ ಎಲ್ಲರಿಗಿಂತ ಮುಂದಿದ್ದಳು. "ಎಂತ ಆತು ಗಂಗಕ್ಕ? ಎಂತ ಹೇಳಿದ್ರು?"

ವೆಂಕಟ್ರಮಣ ತಲೆ ತಗ್ಗಿಸಿ ನಿಂತ. ಈಗ ಊರೆದುರು ಮಾನ ಹೋಗಲಿ, ಹೋಗಬೇಕಾದ್ದೇ ಎಂದು ಕಾದ.

"ರಕ್ತ ನೋಡೂ ಮಿಷನ್ ಕೆಟ್ಟಿತ್ತಂತೆ ಮಾರಾಯ್ತಿ," ಎಂದಳು ಗಂಗಿ. "ಮುಂದಿನ ತಿಂಗ್ಳು ಮತ್ತೆ ಬರೂಕೆ ಹೇಳಿದ್ರು."

ಅವಳು ನಾಲ್ಕು ಮಾತು ಉಗಿದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬೈಗುಳದಲ್ಲಿ ಎತ್ತಿದ ಕೈ ಎನಿಸಿಕೊಂಡ ಹೆಂಗಸು ಅವನಿಗೊಂದು ಬೈಗುಳವನ್ನೂ ಕೊಡಲಿಲ್ಲ. ಮನೆಗೆ ಬಂದು ಡಬ್ಬಿಯನ್ನು ಕೇಳಿ ತೆಗೆದುಕೊಂಡಳು. ಟ್ರಂಕಿನೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಕರಿಮಣಿಯ ಸರಕ್ಕೆ ಕಟ್ಟಿಕೊಂಡಳು. ಆಮೇಲೆ ಕಂಬಳಿಯನ್ನು ತಂದು ಅಂಗಳದ ಹಗ್ಗದ ಮೇಲೆ ಬಿಸಿಲಿಗೆ ಹಾಕಿದಳು.

ಈ ಸಲ ನೀರು ಬೇಗ ಇಳಿಯಿತು. ಮೊದಲ ಸಲ ಬರುವುದೇನೆಂದು ಗೊತ್ತಿರಲಿಲ್ಲ, ಈ ಸಲ ಗೊತ್ತಿತ್ತು. ಬುಟ್ಟಿ ಮೂಲೆ ಸೇರಿತು. ದನಿ ಒಡೆಯಿತು, ಮುಖ ಊದಿತು. ಭಟ್ಕಳದಿಂದ ಬಂದ ಅಂಕಿತಾಳನ್ನು ನೋಡಿ, "ನೀ ಯಾವಾಗ ಬಂದೆ?" ಎಂದು ಒಂದೇ ದಿನದಲ್ಲಿ ಎಷ್ಟೋ ಸಲ ಕೇಳಿದಳು. ಮಾದಿ ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆದು ನೋಡಿದಳು, ಹುಳಿ ಹೆಚ್ಚಾಯಿತು ಎಂದು ತೆಗೆದು ನೋಡಿದಳು. "ಹೌದತ್ತೆ." ಮುದುಕಿ ಎದ್ದು ಹೋಗಿ ಬಾವಿಕಟ್ಟೆಯಲ್ಲಿ ಕೂತಳು.

ವೆಂಕಟ್ರಮಣ ಪಾದ ತಿಕ್ಕಿದ. ನೀರು ಕಾಯಿಸಿ ಬಾಟಲಿಯಲ್ಲಿ ತುಂಬಿ ಕಂಬಳಿಯೊಳಗಿಟ್ಟ. ಕೀಲಿ ಅವಳ ಕೊರಳಲ್ಲಿ ತೂಗುತ್ತಿತ್ತು. ನಿದ್ದೆಯಲ್ಲಿ ಅವಳು ಮಗ್ಗುಲಾದಾಗ ಕರಿಮಣಿಗೆ ತಾಗಿ ಸಣ್ಣ ಸದ್ದು ಮಾಡುತ್ತಿತ್ತು. ಅವನ ಕೈ ಅಷ್ಟು ದೂರದಲ್ಲೇ ಇರುತ್ತಿತ್ತು. ಅವನು ಮುಟ್ಟಲಿಲ್ಲ.

ಪರೀಕ್ಷೆಗೆ ಇನ್ನು ಸ್ವಲ್ಪ ದಿನ ಉಳಿದಿತ್ತು. ಅಂದು ಬೆಳಿಗ್ಗೆ ಚಹಾ ತಂದಿಟ್ಟು ಅವನು ಎದುರು ಕೂತ. ಶುಂಠಿ ಹಾಕುವುದನ್ನು ಅವನು ಕುಮಟೆಯಿಂದ ಬಂದ ಮರುದಿನವೇ ಬಿಟ್ಟಿದ್ದ. ಗಂಗಿ ಲೋಟ ಹಿಡಿದುಕೊಂಡು ಅದನ್ನೇ ನೋಡಿದಳು, ಇದೇನೆಂದು ಕೇಳುವ ಹಾಗೆ. ಮಲಗಿದ್ದ ಮಗಳ ಕಡೆ ನೋಡಿದಳು, ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಹೊರಗೆ ಓಣಿಯಲ್ಲಿ ಯಾರೋ "ಬಂಗಡೇ..." ಎಂದು ಕೂಗಿ ಹೋದರು. ಅವಳು ಅತ್ತ ತಿರುಗಲೂ ಇಲ್ಲ.

ಆಮೇಲೆ ಬಶಿಯನ್ನು ಹತ್ತಿರ ಎಳೆದುಕೊಂಡಳು. ಅರ್ಧ ಚಹಾ ಬಗ್ಗಿಸಿ ಅವನ ಕಡೆಗೆ ತಳ್ಳಿದಳು. ತನ್ನ ಲೋಟವನ್ನು ತುಟಿಗೆ ಒಯ್ಯಲಿಲ್ಲ. ಊದಿದ ರೆಪ್ಪೆಗಳನ್ನು ಕಷ್ಟಪಟ್ಟು ಎತ್ತಿ ಅವನ ಬಾಯನ್ನೇ ನೋಡುತ್ತಾ ಕಾದಳು.

ಅವನು ಬಶಿಯನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಹನಿಯವರೆಗೆ ಕುಡಿದು, ಬರಿದಾದ ಬಶಿಯನ್ನು ಅವಳಿಗೆ ಕಾಣುವ ಹಾಗೆ ಕೆಳಗಿಟ್ಟ. ಗಂಗಿ ಅದನ್ನು ಒಮ್ಮೆ ನೋಡಿ, ಲೋಟ ಎತ್ತಿದಳು.